ಮೋಡೆಮ್ ಕೂಗುತ್ತಿದ್ದ ಕಾಲದಲ್ಲಿ ನಮ್ಮ ಕೇರಿ

ಬೆಂಗಳೂರಿಗೆ ಇಂಟರ್ನೆಟ್ ಬಂದ ಕಥೆಯನ್ನ ನೀವೆಲ್ಲ ಕೇಳಿರ್ತೀರಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಸ್ಯಾಟಲೈಟ್ ಡಿಶ್ ಹಾಕಿ ಅಮೆರಿಕಾಗೆ ಡೇಟಾ ಕಳಿಸ್ತು. 1986ರಲ್ಲಿ ಶುರುವಾದ ಅರ್ನೆಟ್ ಟಾಟಾ ಇನ್‌ಸ್ಟಿಟ್ಯೂಟಿನ ಕಾಂಪೌಂಡಿನೊಳಗೂ ಬಂತು. 1991ರಲ್ಲಿ ಎಸ್‌ಟಿಪಿಐ. ಆಮೇಲೆ ಎಲೆಕ್ಟ್ರಾನಿಕ್ಸ್ ಸಿಟಿ, ಐಟಿಪಿಎಲ್, ಕೋಟ್ಯಧಿಪತಿಗಳ ಆತ್ಮಕಥೆಗಳು. ಈ ಕಥೆಯಲ್ಲಿ ಬರೋ ಹೆಸರುಗಳ ಪಟ್ಟಿ ತೆಗೆದು ನೋಡಿ. ಯಾವ ಬೀದಿಯವರು, ಯಾವ ಮನೆತನದವರು ಅಂತ ನಾನು ಹೇಳೋದು ಬೇಡ.

ನಾನಿವತ್ತು ಬರೀತಿರೋದು ಟಾಟಾ ಇನ್‌ಸ್ಟಿಟ್ಯೂಟಿನಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕಿರೋ ಊರಿನ ಬಗ್ಗೆ. ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೇಲಿ ಸಿಂಗನಾಯಕನಹಳ್ಳಿ ಕಳೆದ ಮೇಲೆ ಸಿಗುತ್ತಲ್ಲ, ರಾಜಾನುಕುಂಟೆ. ಈಗ ಅಲ್ಲಿ ಯೂನಿವರ್ಸಿಟಿ ಇದೆ, ವಿಲ್ಲಾ ಇದಾವೆ, ಟ್ರಾಫಿಕ್ ಜಾಮ್ ಇದೆ. ಆಗ ಇದ್ದಿದ್ದು ಒಂದು ಸರ್ಕಲ್ಲು, ರೈಲ್ವೆ ಸ್ಟೇಷನ್ನು, ನಾಲ್ಕು ಹೋಟೆಲು, ಎರಡು ಎಸ್‌ಟಿಡಿ ಬೂತು, ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ. ಅಲ್ಲಿ 1999ರ ಕೊನೇಲಿ ನಾವು ನಾಲ್ಕೈದು ಜನ ಸೇರಿ ಒಂದು ಹಳೇ ಕಂಪ್ಯೂಟರಿಗೆ ಮೋಡೆಮ್ ಕೂರಿಸಿ, ಸಾಫ್ಟ್‌ವೇರ್ ಹಾಕಿ, ಫೋನ್ ಲೈನಿನ ಮೂಲಕ ಪ್ರಪಂಚಕ್ಕೆ ಸೇರಿದ್ವಿ. ಅದು ಹೇಗಾಯ್ತು, ಯಾರಿಂದ ಆಯ್ತು ಅನ್ನೋದು ಎಲ್ಲೂ ದಾಖಲಾಗಿಲ್ಲ. ನಮ್ಮಂಥ ಹತ್ತಾರು ಕಡೆ ಹೀಗೇ ಆಗಿರಬೇಕು. ಅದಕ್ಕೇ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಮೊದಲು ಬಾಬಾಸಾಹೇಬರ ಒಂದು ಮಾತು. 1945ರಲ್ಲಿ ಬಂದ, ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಅನ್ನೋ ಅವರ ಪುಸ್ತಕದಲ್ಲಿ ಹೊರದೇಶದವರನ್ನ ಉದ್ದೇಶಿಸಿ ಬರೆದ ಅಧ್ಯಾಯ ಒಂದಿದೆ. ಅಲ್ಲಿ ಅವರು ಸುದ್ದಿಯ ತಂತಿಯ ಬಗ್ಗೆ ಮಾತಾಡ್ತಾರೆ. ಅಸ್ಪೃಶ್ಯರಿಗೆ ಸ್ವಂತ ಪತ್ರಿಕೆ ಇಲ್ಲ. ದೇಶಕ್ಕೆಲ್ಲ ಸುದ್ದಿ ಹಂಚೋ ಅಸೋಸಿಯೇಟೆಡ್ ಪ್ರೆಸ್‌ನ ಸಿಬ್ಬಂದಿ ಮದ್ರಾಸಿನ ಬ್ರಾಹ್ಮಣರು. ಹಾಗಾಗಿ ಕಾಂಗ್ರೆಸ್ಸಿಗೆ ಒಗ್ಗದ ಸುದ್ದಿ ಹೊರಗೆ ಹೋಗೋದೇ ಇಲ್ಲ ಅನ್ನೋದು ಅವರ ವಾದ. ಯಂತ್ರ ಯಾವುದು ಅನ್ನೋದಕ್ಕಿಂತ ಅದರ ಮುಂದೆ ಯಾರು ಕೂತಿದಾರೆ ಅಂತ ಕೇಳಿದ ಮನುಷ್ಯ ಅವರು. ಅದೇ ಪ್ರಶ್ನೆಯನ್ನ ಮೋಡೆಮ್ಮಿಗೂ ಕೇಳೋಣ.

ಮೋಡೆಮ್ ಅಂದ್ರೇನು ಅಂತ ಗೊತ್ತಿಲ್ಲದ ತಮ್ಮ ತಂಗಿಯರಿಗೆ: ಫೋನ್ ತಂತಿ ಇದ್ದಿದ್ದು ಮನುಷ್ಯನ ದನಿ ಹೊರೋಕೆ. ಕಂಪ್ಯೂಟರಿನ ಸೊನ್ನೆ–ಒಂದುಗಳನ್ನ ದನಿಯಾಗಿ ಮಾಡಿ ತಂತಿಗೆ ಬಿಡೋದು, ಆ ಕಡೆಯಿಂದ ಬಂದ ದನಿಯನ್ನ ಮತ್ತೆ ಸೊನ್ನೆ–ಒಂದು ಮಾಡೋದು ಮೋಡೆಮ್ ಕೆಲಸ. ಆ ಕೀಂ... ಕರ್ರ್... ಸದ್ದು ಅದರದ್ದೇ. ಎರಡು ಮೋಡೆಮ್ಮುಗಳು ಯಾವ ವೇಗದಲ್ಲಿ ಮಾತಾಡೋದು ಅಂತ ಮಾತುಕತೆ ನಡೆಸ್ತಿದ್ವು. ಅಂದ್ರೆ ಮೋಡೆಮ್ ಬೇಕು ಅಂದ್ರೆ ಮೊದಲು ತಾಮ್ರದ ತಂತಿ ಬೇಕು.

ಆ ತಂತಿ ಭೂಮಿಯೊಳಗೆ ತಾನಾಗೇ ಹೋಗಿ ಮಲಗಲಿಲ್ಲ. ದೊಡ್ಡಬಳ್ಳಾಪುರ ರಸ್ತೆ ಪಕ್ಕ ಕೇಬಲ್ಲಿಗೆ ಗುಂಡಿ ತೋಡಿದವರನ್ನ ನಾನು ಹುಡುಗನಾಗಿದ್ದಾಗ ನೋಡಿದೀನಿ. ಭೋವಿಗಳು, ಪಾಲಮೂರಿನಿಂದ ಸಂಸಾರ ಸಮೇತ ಬಂದ ಗುಂಪುಗಳು, ಮತ್ತೆ ನಮ್ಮ ಕೇರಿಯ ಗಂಡಸರು. ನಮ್ಮ ಚಿಕ್ಕಪ್ಪ ಕಂಟ್ರಾಕ್ಟರ್ ಕೈಕೆಳಗೆ ಎರಡು ಬೇಸಿಗೆ ಇದೇ ಕೆಲಸ ಮಾಡಿದರು. ಎದೆಮಟ್ಟ ತೋಡಬೇಕು, ಮರಳು ಹಾಸಬೇಕು, ಡ್ರಮ್ಮಿನಿಂದ ಕೇಬಲ್ ಎಳೆದು ಮಲಗಿಸಬೇಕು, ಮೇಲೆ ಇಟ್ಟಿಗೆ ಮುಚ್ಚಬೇಕು. ಆಗ ನಮ್ಮ ಕೇರೀಲಿ ಯಾರ ಮನೇಲೂ ಫೋನ್ ಇರಲಿಲ್ಲ.

ಇಲಾಖೆಯಲ್ಲೇ ನೇರವಾಗಿ ದಿನಗೂಲಿ ಮಾಡ್ತಿದ್ದವರ ಕಥೆ ಇನ್ನೊಂದು ಥರ. ದೇಶದಾದ್ಯಂತ ಅಂಚೆ–ತಂತಿ ಇಲಾಖೆಯಲ್ಲಿ ವರ್ಷಗಟ್ಟಲೆ ಮಜ್ದೂರರಾಗೇ ಉಳಿದ ಜನ ಸುಪ್ರೀಂ ಕೋರ್ಟಿಗೆ ಹೋದರು. 27 ಅಕ್ಟೋಬರ್ 1987ರಂದು ತೀರ್ಪು ಬಂತು. ಖಾಯಂ ನೌಕರರ ಕನಿಷ್ಠ ವೇತನವನ್ನೂ ಕೊಡದೆ ದುಡಿಸಿಕೊಳ್ಳೋದು ಶೋಷಣೆ, ಒಂದು ವರ್ಷಕ್ಕಿಂತ ಹೆಚ್ಚು ಸತತವಾಗಿ ದುಡಿದವರನ್ನ ಖಾಯಂ ಮಾಡೋಕೆ ಯೋಜನೆ ಮಾಡಿ ಅಂತ ಕೋರ್ಟು ಹೇಳ್ತು. ಅದರಿಂದ ಹುಟ್ಟಿದ ಯೋಜನೆ 1 ಅಕ್ಟೋಬರ್ 1989ರಿಂದ ಜಾರಿಗೆ ಬಂತು. ಗುಂಡಿ ತೋಡ್ತಿದ್ದ ಎಷ್ಟೋ ಜನ ರೆಗ್ಯುಲರ್ ಮಜ್ದೂರರಾದರು, ಅವರಲ್ಲಿ ಕೆಲವರು ಲೈನ್‌ಮನ್ ಆದರು, ಫೋನ್ ಮೆಕ್ಯಾನಿಕ್ ಆದರು. ಜೊತೆಗೆ ಕೇಂದ್ರ ಸರ್ಕಾರದ ಇಲಾಖೆ ಆದ್ದರಿಂದ ಎಸ್‌ಸಿಗೆ ಶೇಕಡಾ 15, ಎಸ್‌ಟಿಗೆ 7.5 ಮೀಸಲಾತಿ. ಟೆಲಿಫೋನ್ ಎಕ್ಸ್‌ಚೇಂಜಿನ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಬಂದಿದ್ದು ಹೀಗೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹಳ್ಳಿಗೆ ಎಕ್ಸ್‌ಚೇಂಜ್ ಬಂದಿದ್ದರಲ್ಲೂ ಕರ್ನಾಟಕದ ಪಾತ್ರ ಇದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಮಾಡಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ, 1986ರಲ್ಲಿ. ಎ.ಸಿ. ಬೇಡ, ಧೂಳು ಬಿಸಿಲು ತಡ್ಕೊಳ್ಳುತ್ತೆ. 1994ರ ಟೆಲಿಕಾಂ ನೀತಿ 1997ರ ಹೊತ್ತಿಗೆ ಎಲ್ಲಾ ಹಳ್ಳಿಗೂ ಫೋನ್ ಅಂತ ಮಾತು ಕೊಡ್ತು. ಹಳ್ಳಿಗೆ ಫೋನ್ ಅಂದ್ರೆ ಕೇರಿಗೆ ಫೋನ್ ಅಂತಲ್ಲ ಅನ್ನೋದು ಓದೋ ನಿಮಗೆ ಗೊತ್ತು.

ಇಂಟರ್ನೆಟ್ಟು ಜನಸಾಮಾನ್ಯರಿಗೆ ಅಂತ ಬಿಟ್ಟಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್‌ನಿಂದ. ಮೊದಲು ಬಾಂಬೆ, ದೆಹಲಿ, ಕಲ್ಕತ್ತಾ, ಮದ್ರಾಸು, ಆಮೇಲೆ ಬೆಂಗಳೂರು. ಸ್ವಾತಂತ್ರ್ಯದ ದಿನ ಆರಿಸಿಕೊಂಡಿದ್ದರು, ರೇಟು ಮಾತ್ರ ಕೇಳಿ. ಸೆಕೆಂಡಿಗೆ 9,600 ಬಿಟ್ ವೇಗದ ಡಯಲಪ್, 250 ಗಂಟೆಗೆ ವೃತ್ತಿನಿರತರಿಗೆ 5,000 ರೂಪಾಯಿ, ಕಂಪನಿಗಳಿಗೆ 25,000. ವಿದ್ಯಾರ್ಥಿಗಳಿಗೆ 500 ರೂಪಾಯಿ ಅಕೌಂಟು ಒಂದಿತ್ತು, ಅದರಲ್ಲಿ ಚಿತ್ರ ಬರಲ್ಲ, ಬರೀ ಅಕ್ಷರ. ಕಪ್ಪು ಪರದೆ ಮೇಲೆ ಪೈನ್ ಅನ್ನೋ ಪ್ರೋಗ್ರಾಮಿನಲ್ಲಿ ಮೇಲ್ ಓದಬೇಕು, ಲಿಂಕ್ಸ್ ಅನ್ನೋದರಲ್ಲಿ ವೆಬ್ ನೋಡಬೇಕು. 9,600 ಬಿಟ್ ಅಂದ್ರೆ ಲೆಕ್ಕ ಹಾಕಿ: ಒಂದು ಅಕ್ಷರಕ್ಕೆ ಹಿಂದೆ ಮುಂದಿನದ್ದು ಸೇರಿ 10 ಬಿಟ್, ಸೆಕೆಂಡಿಗೆ 960 ಅಕ್ಷರ. ಈಗ ನೀವು ವಾಟ್ಸಾಪಲ್ಲಿ ಕಳಿಸೋ ಚಿಕ್ಕ ಫೋಟೋ, 100 ಕೆಬಿ ಅಂದ್ಕೊಳ್ಳಿ, ಒಂದೂಮುಕ್ಕಾಲು ನಿಮಿಷ. ಅದೂ ಲೈನು ಚೆನ್ನಾಗಿದ್ರೆ.

1998ರ ನವೆಂಬರಿನಲ್ಲಿ ಖಾಸಗಿಯವರಿಗೂ ಬಾಗಿಲು ತೆಗೆದರು. ಸತ್ಯಂ ಆನ್‌ಲೈನ್ ಬಂತು, ಬೇರೆಯವರೂ ಬಂದರು. ಪತ್ರಿಕೆ ಜೊತೆ ಪುಕ್ಕಟೆ ಸಿ.ಡಿ., ಗಂಟೆ ಲೆಕ್ಕದ ಪ್ಯಾಕುಗಳು. ನಮಗೆ ಕೈಗೆಟುಕಿದ್ದು ಆಮೇಲೆ.

ನಾನಾಗ ಯಲಹಂಕದಲ್ಲಿ ಡಿಟಿಪಿ ಅಂಗಡೀಲಿ ಕೆಲಸಕ್ಕಿದ್ದೆ. ಮದುವೆ ಕಾರ್ಡು, ಕರಪತ್ರ, ಸಂಘದ ಪೋಸ್ಟರು. ರಾಜಾನುಕುಂಟೆಯಲ್ಲಿ ನಮ್ಮವರೇ ಒಬ್ಬ ಮೇಷ್ಟ್ರು ಇದ್ದರು, ರಿಟೈರಾಗಿದ್ದರು. ನಮ್ಮ ಜನದಲ್ಲಿ ಆ ಊರಿಗೆ ಮೊದಲ ಫೋನ್ ಅವರದ್ದೇ. ಪೆನ್ಷನ್ ದುಡ್ಡಲ್ಲಿ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ 486 ಕಂಪ್ಯೂಟರು, ಒಳಗೆ ಹಾಕೋ ಮೋಡೆಮ್ ಕಾರ್ಡು ತಂದಿದ್ದೂ ಅವರೇ. "ನಮ್ಮ ಮೇಲಾಗಿದ್ದನ್ನ ನಾವೇ ಬರೆದು ನಾವೇ ಕಳಿಸ್ಬೇಕು ಕಣೋ" ಅಂತಿದ್ದರು. ಅವರಿಗೆ ಮೌಸ್ ಹಿಡಿಯೋಕೂ ಬರ್ತಿರಲಿಲ್ಲ.

ಕಾರ್ಡ್ ಕೂರಿಸಿದ ರಾತ್ರಿ ವಿಚಿತ್ರ ಆಯ್ತು. ಮೋಡೆಮ್ ಡಯಲ್ ಮಾಡಿದ ತಕ್ಷಣ ಮೌಸ್ ಸತ್ತು ಹೋಗೋದು. ಕಾಲ್ ಕಟ್ ಮಾಡಿದ್ರೆ ಮತ್ತೆ ಜೀವ. ಆ ಕಾಲದ ಪಿಸಿಗಳಲ್ಲಿ ಕಾಮ್1, ಕಾಮ್3 ಅನ್ನೋ ಎರಡು ಪೋರ್ಟಿಗೂ ಒಂದೇ ಕರೆಗಂಟೆ, ಐಆರ್‌ಕ್ಯೂ 4 ಅಂತಾರೆ. ಮೌಸು ಕಾಮ್1ರಲ್ಲಿ, ಮೋಡೆಮ್ಮು ಕಾಮ್3ರಲ್ಲಿ. ಇಬ್ಬರೂ ಒಂದೇ ಗಂಟೆ ಹೊಡೆದರೆ ಯಾರು ಕರೆದಿದ್ದು ಅಂತ ಪ್ರೊಸೆಸರಿಗೆ ತಿಳಿಯಲ್ಲ. ಕಾರ್ಡಿನ ಮೇಲೆ ಜಂಪರ್ ಅನ್ನೋ ಸಣ್ಣ ಕಪ್ಪು ಟೊಪ್ಪಿಗೆ ಇರ್ತಿತ್ತು, ಅದನ್ನ ಚಿಮುಟದಲ್ಲಿ ಕಿತ್ತು ಪಕ್ಕದ ಕಡ್ಡಿಗೆ ಹಾಕಿದ್ಮೇಲೆ ಸರಿಹೋಯ್ತು.

ಆಮೇಲೆ ಹೈಪರ್‌ಟರ್ಮಿನಲ್ ತೆಗೆದು ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಮೋಡೆಮ್ ಓಕೆ ಅಂತ ಉತ್ತರ ಕೊಡ್ತು. ಇವತ್ತಿಗೂ ಆ ಓಕೆ ನೆನಪಿದೆ ನನಗೆ. ಡಯಲ್ ಮಾಡೋಕೆ ಎಟಿಡಿಟಿ ಹೊಡೆದ್ರೆ ಆಗಲ್ಲ, ಅದು ಟೋನ್ ಲೈನಿಗೆ. ನಮ್ಮದು ಟಕಟಕ ಅಂತ ಎಣಿಸೋ ಪಲ್ಸ್ ಲೈನು, ಎಟಿಡಿಪಿ ಹೊಡೀಬೇಕು. ಹೊಡೆದ್ರೆ ನೋ ಡಯಲ್‌ಟೋನ್ ಅಂತು. ಫೋನ್ ಎತ್ತಿದ್ರೆ ಟೋನ್ ಇದೆ! ಮೋಡೆಮ್ಮು ಪರದೇಶದ್ದು, ಅದಕ್ಕೆ ನಮ್ಮ ಎಕ್ಸ್‌ಚೇಂಜಿನ ಟೋನ್ ಟೋನಾಗೇ ಕೇಳಿಸ್ತಿಲ್ಲ. ಎಟಿಎಕ್ಸ್3 ಅಂತ ಒಂದು ಆಜ್ಞೆ ಇದೆ: ಟೋನಿಗೆ ಕಾಯಬೇಡ, ಸುಮ್ನೆ ನಂಬರ್ ಹೊಡಿ ಅಂತ ಅರ್ಥ. ಅದನ್ನ ವಿಂಡೋಸ್ 95ರ ಮೋಡೆಮ್ ಸೆಟ್ಟಿಂಗಿನ ಎಕ್ಸ್‌ಟ್ರಾ ಅನ್ನೋ ಡಬ್ಬೀಲಿ ಹಾಕಬೇಕು. ಆಮೇಲೆ ಡಯಲಪ್ ಅಡಾಪ್ಟರ್ ಸೇರಿಸ್ಬೇಕು, ಟಿಸಿಪಿ/ಐಪಿ ಸೇರಿಸ್ಬೇಕು, ಡಿಎನ್‌ಎಸ್ ನಂಬರು ತುಂಬಬೇಕು, ಪ್ರತಿ ಸಲ ರೀಸ್ಟಾರ್ಟ್ ಮಾಡಬೇಕು. ಇದರಲ್ಲಿ ಒಂದು ಸಾಲೂ ಕನ್ನಡದಲ್ಲಿ ಇರಲಿಲ್ಲ. ಪಿಯುಸಿ ಇಂಗ್ಲಿಷಲ್ಲಿ ಡುಮ್ಕಿ ಹೊಡೆದಿದ್ದ ಗೆಳೆಯ ಡಿಕ್ಷನರಿ ಮಡಿಲಲ್ಲಿಟ್ಕೊಂಡು ಓದಿ ಹೇಳ್ತಿದ್ದ, ನಾನು ಒತ್ತುತಿದ್ದೆ. ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಅಂತಿದ್ವಿ, ಮಧ್ಯರಾತ್ರಿ ಟೀ ಕಾಸಿ ತಂದು "ಆ ಮಿಷಿನ್ ಯಾಕ್ರಪ್ಪ ಹಂಗೆ ಅಳ್ತೈತೆ" ಅಂತ ಕೇಳಿದ್ದು ನಮಗೆಲ್ಲ ಬಹಳ ದಿನ ತಮಾಷೆಯಾಗಿತ್ತು.

ಕನೆಕ್ಷನ್ ಸಾಫ್ಟ್‌ವೇರು ನೋಂದಣಿ ಕೇಳ್ತು. ಮೊದಲ ಹೆಸರು, ಕೊನೆ ಹೆಸರು. ಕೊನೆ ಹೆಸರಿನ ಡಬ್ಬಿ ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ. ನಮ್ಮಪ್ಪನಿಗೆ ಒಂದೇ ಹೆಸರು, ತಾತನಿಗೆ ಒಂದೇ ಹೆಸರು. ಮೇಷ್ಟ್ರಿಗೂ ಅಷ್ಟೇ, ಮುಂದೆ ಒಂದು ಇನಿಷಿಯಲ್. ಹೆಸರಿನ ಬಾಲ ಈ ದೇಶದಲ್ಲಿ ಯಾಕೆ ಬಂತು, ಯಾರಿಗೆ ಇರುತ್ತೆ, ಯಾರಿಗೆ ಇರಲ್ಲ ಅಂತ ಅಮೆರಿಕಾದಲ್ಲಿ ಆ ಡಬ್ಬಿ ಮಾಡಿದವನಿಗೆ ಏನು ಗೊತ್ತು! ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ "ಊರ ಹೆಸರು ಹಾಕು" ಅಂದರು. ಹಾಗೆ ನಮ್ಮ ಅಕೌಂಟಿನ ಸರ್‌ನೇಮು ರಾಜಾನುಕುಂಟೆ ಅಂತಾಯ್ತು. ಊರೊಳಗೆ ಹೊಕ್ಕಲು ಬಿಡದ ಊರಿನ ಹೆಸರು ನಮ್ಮ ಬಾಲ!

ಇಷ್ಟೆಲ್ಲ ಆದ್ರೂ ಲೈನ್ ನಿಲ್ತಿರಲಿಲ್ಲ. ಎರಡು ನಿಮಿಷಕ್ಕೆ ಕಟ್. ಮಾತಾಡುವಾಗ ಸ್ವಲ್ಪ ಗೊರಗೊರ ಇದ್ರೆ ಮನುಷ್ಯ ಸಹಿಸ್ಕೊಳ್ತಾನೆ, ಮೋಡೆಮ್ ಸಹಿಸಲ್ಲ. ಅಲ್ಲಿ ಬಂದರು ನೋಡಿ ನಮ್ಮ ಲೈನ್‌ಮನ್ ಅಣ್ಣ. ಮಜ್ದೂರರಾಗಿ ಸೇರಿ ಖಾಯಮಾದವರು, ಸಂಘದ ಕಾರ್ಯಕ್ರಮಕ್ಕೆಲ್ಲ ಬರ್ತಿದ್ದವರು. ಭಾನುವಾರ ರಜೆ ದಿನ ಸೈಕಲ್ಲಲ್ಲಿ ಬಂದು ಮನೆಯಿಂದ ಕಂಬ, ಕಂಬದಿಂದ ಡಿಪಿ ಬಾಕ್ಸ್, ಒಂದೊಂದೇ ಜಾಯಿಂಟ್ ಬಿಚ್ಚಿ ನೋಡಿದರು. ಮಳೆ ನೀರು ಕೂತು ತಾಮ್ರ ಹಸಿರಾಗಿತ್ತು. ಕೆರೆದು, ಹೊಸದಾಗಿ ಸುತ್ತಿ, ಮೇಣ ಹಚ್ಚಿ ಕಟ್ಟಿದರು. ಮೋಡೆಮ್ಮಿನ ಡಬ್ಬಿ ಮೇಲೆ 33.6 ಅಂತ ಬರೆದಿತ್ತು. ಅದುವರೆಗೆ ಸಿಗ್ತಿದ್ದಿದ್ದು 9.6, ಆ ಭಾನುವಾರದ ನಂತರ 19.2 ನಿಲ್ಲೋಕೆ ಶುರುವಾಯ್ತು. ಆ ಅಣ್ಣ ಏಳನೇ ಕ್ಲಾಸ್ ಓದಿದ್ದರು. ಇಂಟರ್ನೆಟ್ ಅವರು ನೋಡಿರಲೇ ಇಲ್ಲ. ಆದ್ರೆ ತಂತಿಯ ದನಿ ಕೇಳಿದ್ರೆ ರೋಗ ಎಲ್ಲಿದೆ ಅಂತ ಹೇಳ್ತಿದ್ದರು.

ಹೀಗೆ ನಮ್ಮ ಕೇರಿಗೆ ಇಂಟರ್ನೆಟ್ ತಂದವರು ಮೀಸಲಾತಿಯ ಕೆಲಸ ಮಾಡಿ ರಿಟೈರಾದ ಮೇಷ್ಟ್ರು, ಕೋರ್ಟು ಹತ್ತಿ ಖಾಯಮಾದವರ ಸಾಲಿನ ಒಬ್ಬ ಲೈನ್‌ಮನ್ನು. ಅದೇ ಹೊತ್ತಲ್ಲಿ ಅದೇ ಊರಲ್ಲಿ ಹೊಸ ಸಾಫ್ಟ್‌ವೇರ್ ಕಂಪನಿಗಳು ಪ್ರತಿಭೆ ಪ್ರತಿಭೆ ಅಂತ ಕೂಗ್ತಿದ್ವು. ಅಲ್ಲಿ ಮೀಸಲಾತಿ ಇರಲಿಲ್ಲ, ಈಗಲೂ ಇಲ್ಲ.

ಗಂಟೆ ಲೆಕ್ಕದ ಪ್ಯಾಕು, ಮೇಲೆ ಫೋನ್ ಬಿಲ್ಲು. ಬೆಂಗಳೂರಿನ ನೋಡ್ ನಮಗೆ ಲೋಕಲ್ ಕಾಲ್ ಆಗ್ತಿದ್ದಿದ್ದು ಪುಣ್ಯ. ಹಾಗಾಗಿ ಲೈನ್ ಕತ್ತರಿಸಿಕೊಂಡೇ ಪೂರ್ತಿ ಟೈಪ್ ಮಾಡಿ, ತಿದ್ದಿ, ಔಟ್‌ಬಾಕ್ಸಿನಲ್ಲಿಟ್ಟು, ಆಮೇಲೆ ಡಯಲ್ ಮಾಡಿ, ಕಳಿಸಿ, ಬಂದಿದ್ದು ಇಳಿಸಿ, ಕಟ್. ಐದು ನಿಮಿಷದೊಳಗೆ ಎಲ್ಲಾ ಮುಗೀಬೇಕು. ಓದೋದು ಆಮೇಲೆ.

ಕನ್ನಡದ ಪಾಡು ಇನ್ನೂ ಕಷ್ಟ. ಪವನಜ ಅವರ ವಿಶ್ವಕನ್ನಡ 1996ರಲ್ಲೇ ಬಂದಿತ್ತು, 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಅದು ದೊಡ್ಡ ಉಪಕಾರ. ಆದ್ರೆ ಇ-ಮೇಲಲ್ಲಿ ಕಳಿಸಿದ್ರೆ ಆ ಕಡೆಯವರ ಹತ್ರ ಅದೇ ಫಾಂಟ್ ಇರಬೇಕು, ಇಲ್ದಿದ್ರೆ ಬರೀ ಚಿತ್ತು. ಯೂನಿಕೋಡಿನ ಕನ್ನಡ ವಿಂಡೋಸಲ್ಲಿ ಕಾಣಿಸಿದ್ದು 2001ರ ಎಕ್ಸ್‌ಪಿಯಿಂದ. ಹಾಗಾಗಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಿದ್ವಿ. ಅದರಲ್ಲಿ ಲ, ಳ ಎರಡೂ ಒಂದೇ. ಹಳ್ಳಿಯೂ ಹಲ್ಲಿಯೂ ಒಂದೇ! ತಮಾಷೆ ಸರಿ, ಆದ್ರೆ ಕೊಲೆಯಾದವರ ಹೆಸರು, ಸಾಕ್ಷಿಯ ಹೆಸರು ಬರೆಯುವಾಗ ತಮಾಷೆ ಆಗಿರಲಿಲ್ಲ.

ಅಂಥ ಬರವಣಿಗೆ ಬಂತು. 2000ದ ಮಾರ್ಚ್ 11. ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಹೆಚ್ಚು ಹೇಳಲ್ಲ, ನಿಮಗೆಲ್ಲ ಗೊತ್ತಿರೋದೇ. ಅಲ್ಲಿಗೆ ಹೋಗಿಬಂದ ನಮ್ಮ ಹುಡುಗರು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದು ನಾಲ್ಕು ಪುಟ. ಮೇಷ್ಟ್ರು ಇಂಗ್ಲಿಷ್ ಮಾಡಿದರು, ನಾನು ಟೈಪ್ ಮಾಡಿದೆ. ಒಂದೊಂದು ಹೆಸರನ್ನೂ ಮೇಷ್ಟ್ರು ಜೋರಾಗಿ ಹೇಳಿ, ಇಂಗ್ಲಿಷಲ್ಲಿ ಬರೆದಿದ್ದನ್ನ ಮತ್ತೆ ನನ್ನ ಕೈಲಿ ಓದಿಸಿ ನೋಡಿದರು. ದೆಹಲಿ, ಮದ್ರಾಸು, ಲಂಡನ್ನು, ಒಟ್ಟು ಹದಿನಾಲ್ಕು ವಿಳಾಸ. ಮೂರನೇ ಸಲ ಡಯಲ್ ಮಾಡಿದಾಗ ಹೋಯ್ತು. ಬೆಳಿಗ್ಗೆ ಹೊತ್ತಿಗೆ ಎರಡು ಉತ್ತರ ಬಂದಿದ್ವು, ಒಂದರಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಯಾವ ಸೆಕ್ಷನ್ ಹಾಕಿದಾರೆ, ಎಫ್‌ಐಆರ್ ಪ್ರತಿ ಸಿಗುತ್ತಾ ಅಂತ ಕೇಳಿದ್ದರು. ಪತ್ರಿಕೆ ಕಚೇರಿಯ ಮೆಟ್ಟಿಲು ಹತ್ತಿ ಯಾರದ್ದೋ ಮುಂದೆ ಕೈಕಟ್ಟಿ ನಿಂತು ಸುದ್ದಿ ಹಾಕ್ರಿ ಅಂತ ಕೇಳದೇನೇ, ನಮ್ಮ ಮಾತು ಮಧ್ಯೆ ಯಾರೂ ಕತ್ತರಿಸದೆ ಹೊರಗೆ ಹೋಗಿದ್ದು ನನ್ನ ಅನುಭವದಲ್ಲಿ ಅದೇ ಮೊದಲು. 1945ರಲ್ಲಿ ಬಾಬಾಸಾಹೇಬರು ಹೇಳಿದ್ದ ತಂತಿ ಒಂದು ರಾತ್ರಿಗಾದ್ರೂ ನಮ್ಮ ಕೈಲಿತ್ತು.

ಅದರಿಂದ ನ್ಯಾಯ ಸಿಕ್ತಾ? ಇಲ್ಲ. ಆ ಪ್ರಕರಣದ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಕೂಡ ಖುಲಾಸೆಯನ್ನ ಎತ್ತಿಹಿಡೀತು. ಮೋಡೆಮ್ಮಿನಿಂದ ಸಾಕ್ಷಿಗಳಿಗೆ ರಕ್ಷಣೆ ಸಿಗಲ್ಲ.

ಆದ್ರೆ ಮರುವರ್ಷ ಡರ್ಬನ್ ಬಂತು. 2001ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮ್ಮೇಳನ. ಜಾತಿಯನ್ನ ಅಲ್ಲಿ ಚರ್ಚೆಗೆ ತರಬೇಕು ಅಂತ ನಮ್ಮ ಸಂಘಟನೆಗಳು, ತರಲೇಬಾರದು ಅಂತ ಭಾರತ ಸರ್ಕಾರ. ಆ ವರ್ಷವಿಡೀ ಮೇಷ್ಟ್ರ ಮನೆಯ ಆ ಡಬ್ಬಿಗೆ ಬಿಡುವಿರಲಿಲ್ಲ. ದೌರ್ಜನ್ಯಗಳ ಪಟ್ಟಿ, ಸಹಿ ಸಂಗ್ರಹ, ಕರಡು ಹೇಳಿಕೆಗಳು, ತಮಿಳುನಾಡಿನವರದ್ದು, ಆಂಧ್ರದವರದ್ದು. ಅಂಬೇಡ್ಕರ್ ಡಾಟ್ ಆರ್ಗ್‌ನಿಂದ ಬಾಬಾಸಾಹೇಬರ ಬರಹ ಇಳಿಸಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕುಟ್ಟಿ, ಜೆರಾಕ್ಸ್ ಮಾಡಿ ಹಂಚಿದ್ವಿ. 1936ರಲ್ಲಿ ಲಾಹೋರಿನವರು ಭಾಷಣಕ್ಕೆ ಕರೆದು ಆಮೇಲೆ ಬೇಡ ಅಂದಾಗ ಜಾತಿ ವಿನಾಶವನ್ನ ಅವರು ಸ್ವಂತ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ದರು. ನಾವು ಹಂಚಿದ್ದು ಅರವತ್ತೋ ಎಪ್ಪತ್ತೋ ಜೆರಾಕ್ಸ್ ಪ್ರತಿ.

ಅಷ್ಟರಲ್ಲಿ ಕಾಲ ಬದಲಾಗ್ತಿತ್ತು. 1 ಅಕ್ಟೋಬರ್ 2000ಕ್ಕೆ ದೂರಸಂಪರ್ಕ ಇಲಾಖೆಯ ಸೇವೆ ಬಿಎಸ್‌ಎನ್‌ಎಲ್ ಕಂಪನಿಯಾಯ್ತು. 2002ರ ಫೆಬ್ರವರಿಯಲ್ಲಿ ವಿಎಸ್‌ಎನ್‌ಎಲ್ ಟಾಟಾ ಕೈಗೆ ಹೋಯ್ತು. ಖಾಸಗಿಯಾದ ಕಡೆ ಹೊಸ ನೇಮಕಕ್ಕೆ ಮೀಸಲಾತಿ ಅನ್ವಯಿಸಲ್ಲ. ಆಮೇಲೆ ಬಂದ ಫೈಬರಿನವರು, ಟವರಿನವರು ಬಹುಪಾಲು ಹುಟ್ಟಿನಿಂದಲೇ ಖಾಸಗಿ. ಹಾಗಾಗಿ ನಮ್ಮ ಲೈನ್‌ಮನ್ ಅಣ್ಣನಂಥ ಮನುಷ್ಯ ಇನ್ನೊಂದು ಸಲ ಹುಟ್ಟೋ ದಾರಿ ಮುಚ್ಚಿತು. ಗುಂಡಿ ತೋಡೋರು ಮಾತ್ರ ಬದಲಾಗಿಲ್ಲ. ಹೋದ ತಿಂಗಳು ರಾಜಾನುಕುಂಟೆ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯ್ತಿದ್ದಾಗ ಫೈಬರ್ ಪೈಪು ಹೂಳೋಕೆ ರಸ್ತೆ ಅಗೀತಿದ್ದ ಹುಡುಗರನ್ನ ಮಾತಾಡಿಸಿದೆ. ರಾಯಚೂರು ಕಡೆಯವರು. ಯಾವ ಕಂಪನಿ ಕೇಬಲ್ ಇದು ಅಂದ್ರೆ ಗೊತ್ತಿಲ್ಲ ಅಂದರು, ಮೇಸ್ತ್ರಿ ನಂಬರ್ ಕೊಟ್ಟರು. ಪಿಎಫ್, ಇಎಸ್‌ಐ ಅಂತ ಕೇಳಿದ್ದಕ್ಕೆ ನಕ್ಕರು. ಜಾತಿ ಕೇಳಲಿಲ್ಲ, ಅವರಲ್ಲೊಬ್ಬ ನನ್ನ ಜೇಬಿನ ನೀಲಿ ಬ್ಯಾಡ್ಜ್ ನೋಡಿ ತಾನೇ ಜೈಭೀಮ್ ಅಂದ.

ಮೇಷ್ಟ್ರು ಈಗಿಲ್ಲ. ಲೈನ್‌ಮನ್ ಅಣ್ಣ ರಿಟೈರಾಗಿ ಮಗನ ಜೊತೆ ಇದಾರೆ. ಆ 486 ಏನಾಯ್ತೋ, ಗುಜರಿಗೆ ಹೋಗಿರಬೇಕು. ನನ್ನ ಹತ್ರ ಉಳಿದಿರೋದು ಏಳು ಫ್ಲಾಪಿ, ಕಂಬಾಲಪಲ್ಲಿಯ ಆ ನಾಲ್ಕು ಪುಟದ ಮಸುಕಾದ ಪ್ರಿಂಟು, 2001ರ ಎರಡು ಫೋನ್ ಬಿಲ್ಲು. ಫ್ಲಾಪಿ ಓದೋ ಡ್ರೈವ್ ಯಾರ ಹತ್ರ ಆದ್ರೂ ಇದ್ರೆ ಹೇಳಿ, ಬಂದು ತಗೊಂಡು ಹೋಗ್ತೀನಿ. ಹಾಗೇ 1995ರಿಂದ 2005ರ ನಡುವೆ ನಿಮ್ಮ ಊರಲ್ಲಿ, ನಿಮ್ಮ ಸಂಘದ ಆಫೀಸಲ್ಲಿ, ಹಾಸ್ಟೆಲಲ್ಲಿ ಯಾರು ಮೊದಲು ಮೋಡೆಮ್ ಹಾಕಿದ್ದು, ಯಾರ ಫೋನು, ಮೊದಲು ಏನು ಕಳಿಸಿದ್ರಿ ಅಂತ ಬರೆದು ಕಳಿಸಿ. ಇಲಾಖೆಯಲ್ಲಿ ಮಜ್ದೂರರಾಗಿ ಸೇರಿದ ಅಪ್ಪಂದಿರು, ಅಣ್ಣಂದಿರು ಮನೇಲಿದ್ರೆ ಅವರನ್ನ ಕೂರಿಸ್ಕೊಂಡು ಫೋನಲ್ಲಿ ರೆಕಾರ್ಡ್ ಮಾಡಿ. 1989ರ ಆರ್ಡರ್ ಕಾಪಿ ಟ್ರಂಕಿನಲ್ಲಿ ಇರುತ್ತೆ, ಫೋಟೋ ತೆಗೆದಿಡಿ.

ಜೈಭೀಮ್.